ಗೆರೆಯಿಂದ ಬಿದ್ದ ಒಂಬತ್ತು ಚುಕ್ಕಿ

ಪಾಲಿಟೆಕ್ನಿಕ್ಕಿನಲ್ಲಿ ಪಾಠ ಹೇಳುವ ಯಶೋದಳಿಗೆ ಸಿಟ್ಟು ಬಂದರೆ ಮಧುಗಿರಿಯ ಬೆಟ್ಟವೇ ಒಂದು ಗೇಣು ಹಿಂದಕ್ಕೆ ಸರಿಯುತ್ತದೆ. ನಂಬದವರು ಹೋಗಿ ಅಳೆಯಬಹುದು. ನಾನು ಅಳೆದಾಗ ಒಂದೂವರೆ ಗೇಣು ಇತ್ತು.

ಬುಧವಾರ ಆ ಸಿಟ್ಟು ಬಂದದ್ದು ಒಂದು ಗೆರೆಯಿಂದ.

ಬುಕ್ಕಾಪಟ್ಟಣದ ಕುರುಚಲು ಕಾಡಿನಂಚಿನಲ್ಲಿ ಮೇಯುವ ಕುರಿಗಳ ಕೊರಳಿಗೆ ರೇಡಿಯೋ ಪಟ್ಟಿ ಕಟ್ಟುವ ಯೋಜನೆ. ತೋಳ ಬಂದು ಮಂದೆ ಚೆದುರಿದರೆ, ಸುದ್ದಿ ಕಂಬದಿಂದ ಕಂಬಕ್ಕೆ ಹಾರಿ ಕುರಿ ಕಾಯುವವರ ಫೋನು ಬಡಿದುಕೊಳ್ಳಬೇಕು. ಕಂಬ ಎರಡು ಸಾಕೋ, ಮೂರು ಬೇಕೋ? ನೆಲ ಅಗೆಯುವ ಮೊದಲು ಅದನ್ನು ಕಂಪ್ಯೂಟರಿನೊಳಗೇ ಆಡಿಸಿ ನೋಡುವ ಕೆಲಸ ಯಶೋದಳದು. ಎರಡು ಕಂಬ ಇಟ್ಟು ಮೂವತ್ತು ಸಲ ಆಡಿಸಿದ್ದಳು. ಹಳ್ಳದ ತಗ್ಗಿನಿಂದ ಹೊರಟ ಸುದ್ದಿ ಇಪ್ಪತ್ತೊಂದು ಸಲ ಮುಟ್ಟಿತ್ತು, ಒಂಬತ್ತು ಸಲ ದಾರಿಯಲ್ಲೇ ಸತ್ತಿತ್ತು. ಹೋದ ವರ್ಷ ಅದೇ ತಗ್ಗಿನಲ್ಲಿ ಅವಳ ಅವ್ವ ಪುಟ್ಟಕ್ಕನ ಹನ್ನೊಂದು ಕುರಿ ತೋಳದ ಪಾಲಾಗಿದ್ದವು. ನಾಳೆ ಶಿರಾದಲ್ಲಿ ಕುರಿಗಾಹಿಗಳ ಸಂಘದವರು ಈ ಲೆಕ್ಕದ ಚಿತ್ರ ನೋಡುತ್ತಾರೆ. ಚಿತ್ರ ಎಷ್ಟು ಹೇಳಿದರೆ ಅಷ್ಟು ಕಂಬ.

ಆ ಚಿತ್ರವನ್ನು ಬಿಡಿಸಿದವರು ವಿಭಾಗದ ಮುಖ್ಯಸ್ಥ ಗಂಗಾಧರಯ್ಯ. ಹೊಸ ಸಾಫ್ಟ್‌ವೇರು ತರಿಸಿದ್ದರು. ಅದರಲ್ಲಿದ್ದ ಬಣ್ಣ ನೋಡಿ ಕಾಮನಬಿಲ್ಲು ನಾಚಿಕೊಂಡು ಆ ವರ್ಷ ಕೊರಟಗೆರೆ ತಾಲೂಕಿಗೇ ಕಾಲಿಡಲಿಲ್ಲ.

“ನೋಡ್ರೀ ಯಶೋದಾ, ಬೆಣ್ಣೇಲಿ ಎಳೆದಂಗಿದೆ ಗೆರೆ!”

“ಸಾರ್, ಕಂಬದ ಹತ್ರ ಇದು ನೂರಾನಾಲ್ಕಕ್ಕೆ ಏರಿದೆ.”

“ಏರಲಿ ಬಿಡಿ, ಒಳ್ಳೇದಲ್ವಾ?”

“ನೂರಕ್ಕೆ ಎಷ್ಟು ಸುದ್ದಿ ಮುಟ್ಟಿತು ಅನ್ನೋ ಲೆಕ್ಕ ಸಾರ್ ಇದು. ನೂರು ಕಳಿಸಿದ್ರೆ ನೂರಾನಾಲ್ಕು ಹೆಂಗೆ ಮುಟ್ಟುತ್ತೆ? ದಾರೀಲಿ ಮರಿ ಹಾಕಿದ್ವಾ?”

“ನುಣುಪು ಮಾಡುವಾಗ ಗೆರೆ ಸ್ವಲ್ಪ ಉಬ್ಬುತ್ತೆ ಕಣ್ರೀ.”

“ಸರಿ, ತಗ್ಗಲ್ಲಿ ಎಷ್ಟು ತೋರಿಸುತ್ತೆ?”

“ಸರಾಸರಿ ಎಪ್ಪತ್ತು. ಫಸ್ಟ್ ಕ್ಲಾಸು! ಎರಡೇ ಕಂಬ ಸಾಕು.”

ಇಪ್ಪತ್ತೆಂಟು ವರ್ಷ ಉತ್ತರಪತ್ರಿಕೆ ತಿದ್ದಿದ ಕಣ್ಣು ಅದು. ಎಪ್ಪತ್ತು ಕಂಡಲ್ಲೆಲ್ಲ ಪಾಸು ಮಾಡಿ ಮುಂದಕ್ಕೆ ಕಳಿಸುತ್ತಿತ್ತು.

ಯಶೋದಳ ಕಿವಿ ಕಾದವು. ತಲೆ ಮೇಲಿನ ಫ್ಯಾನು ಹೆದರಿ ಉಲ್ಟಾ ತಿರುಗತೊಡಗಿತು.

“ಪಾಸು ಮಾಡೋಕೆ ತೋಳ ಏನು ಪರೀಕ್ಷೆಗೆ ಕೂತಿದೆಯಾ ಸಾರ್? ಮೂವತ್ತರಲ್ಲಿ ಒಂಬತ್ತು ಸಲ ಅದೇ ಗೆದ್ದಿದೆ! ನಿಮ್ಮ ಗೆರೆ ಅದರ ಬಾಯಿ ಒರೆಸಿ ಪಕ್ಕದಲ್ಲಿ ಕೂರಿಸಿಕೊಂಡಿದೆ!”

ಬಾಗಿಲು ಬಡಿದು ಲ್ಯಾಬಿಗೆ ಹೋದಳು. ಮೂಲೆಯ ಕಂಪ್ಯೂಟರಿನಲ್ಲಿ ಲೆಕ್ಕವನ್ನು ಚಿತ್ರ ಮಾಡುವ ಗ್ನೂಪ್ಲಾಟ್ ಎಂಬ ಸಾಫ್ಟ್‌ವೇರು ಇತ್ತು. ಹಳೇದು, ಪುಕ್ಕಟೆ, ಒತ್ತಲು ಒಂದು ಗುಂಡಿಯಿಲ್ಲ. ಎಲ್ಲ ಅಪ್ಪಣೆಯನ್ನೂ ಕೈಯಾರೆ ಟೈಪು ಮಾಡಬೇಕು. ಆದರೆ ಹೇಳಿದ್ದಷ್ಟೇ ಮಾಡಿ ಸುಮ್ಮನಿರುತ್ತಿತ್ತು. ಆ ಕಟ್ಟಡದಲ್ಲಿ ಅಂಥ ಗುಣ ಇದ್ದದ್ದು ಅದೊಂದಕ್ಕೇ. ತಗ್ಗಿನ ಮೂವತ್ತು ಆಟಕ್ಕೆ ಮೂವತ್ತು ಚುಕ್ಕಿ ಇಡಿಸಿದಳು. ಇಪ್ಪತ್ತೊಂದು ಮೇಲೆ ಸಾಲಾಗಿ ನಿಂತವು, ಒಂಬತ್ತು ತಳಕ್ಕೆ ಬಿದ್ದವು.

ಗಂಗಾಧರಯ್ಯ ಇಣುಕಿದರು. “ಇದೇನ್ರೀ, ನೊಣ ಕೂತಂಗಿದೆ! ಎರಡೂ ತೋರಿಸೋಣ, ಅವರೇ ಆರಿಸಲಿ. ಆದ್ರೆ ಸ್ವಲ್ಪ ಬಣ್ಣನಾದ್ರೂ ಹಾಕಿ.”

ಬಣ್ಣವಂತೆ! ಹಲ್ಲು ಕಡಿಯುತ್ತಲೇ ಅವ್ವನಿಗೆ ಫೋನು ಹಚ್ಚಿದಳು.

“ಅವ್ವಾ, ಸಂಜೆ ಹಟ್ಟಿ ಬಾಗ್ಲಲ್ಲಿ ಕುರಿ ಎಣಿಸ್ತೀಯಲ್ಲ, ಸರಾಸರಿ ನೋಡ್ತೀಯಾ?”

“ಸರಾಸರಿ ಅಂದ್ರೆ ಅದ್ಯಾವ ಸೊಪ್ಪಮ್ಮಾ? ನಾನು ಒಂದೊಂದ್ರ ಮಖ ನೋಡಿ ಒಳಕ್ಕೆ ಬುಡ್ತೀನಿ. ಏಟು ಬಿದ್ದಿರೋದ್ರ ಬೆನ್ನಿಗೆ ಕೆಂಪು ಬಳೀತೀನಿ, ಕಣ್ಣು ಅಲ್ಲಿಗೇ ಹೋಗ್ಲಿ ಅಂತ. ಯಾಕಮ್ಮೀ, ಯಾರ ಮೇಲೆ ಉರ್ಕೊಂಡಿದ್ದೀಯ?”

“ಎಲ್ಲರ ಮೇಲೂ!” ಎಂದು ಫೋನಿಟ್ಟಳು. ಬಿದ್ದ ಒಂಬತ್ತು ಚುಕ್ಕಿಗೂ ಕೆಂಪು ಬಳಿದಳು. ಉಳಿದವು ಕಪ್ಪಾಗೇ ಇದ್ದವು.

ಮಾರನೇ ದಿನ ಶಿರಾದಲ್ಲಿ ಮೊದಲು ಗಂಗಾಧರಯ್ಯನವರ ಗೆರೆ ಗೋಡೆ ಮೇಲೆ ಮೂಡಿತು. “ಸೀರೆ ಬಾರ್ಡರ್ ಇದ್ದಂಗೈತೆ” ಅಂತ ಹಿಂದಿನ ಸಾಲಿನವರು ಮೆಚ್ಚಿದರು. ಆಮೇಲೆ ಚುಕ್ಕಿ ಬಂದವು. ಯಶೋದ ಬಾಯಿ ತೆರೆಯುವ ಮೊದಲೇ ಸಭೆಯ ಕಣ್ಣೆಲ್ಲ ತಳದ ಕೆಂಪಿಗೇ ಹೋದವು. ಕೆಂಪು ಬಳಿದದ್ದು ಯಾಕೆ ಅಂತ ಅಲ್ಲಿ ಯಾರಿಗೂ ಬಿಡಿಸಿ ಹೇಳಬೇಕಿರಲಿಲ್ಲ.

ಸಂಘದ ಅಧ್ಯಕ್ಷ ನರಸಿಂಹರಾಜು ಎದ್ದು ನಿಂತರು. “ಏನ್ ಮೇಡಂ, ಈ ಒಂಬತ್ತು ಎಲ್ಲಿ ಬಿದ್ದವೆ?”

“ಹಳ್ಳದ ತಗ್ಗಲ್ಲಿ. ಸುದ್ದಿ ಈಚೆಗೇ ಬಂದಿಲ್ಲ.”

“ಅಂಗಾದ್ರೆ ಮಾತೇನೈತೆ? ಮೂರ್ನೇ ಕಂಬ ತಗ್ಗಿನ ದಡದ ಮೇಲೇ ನೆಡ್ಸಿ.”

ಸಭೆ ಚಪ್ಪಾಳೆ ತಟ್ಟಿತು. ಗಂಗಾಧರಯ್ಯ ಪಕ್ಕದವರ ಕಡೆ ಬಾಗಿ, “ಬಣ್ಣ ಹಾಕಿ ಅಂತ ನಾನೇ ಹೇಳಿದ್ದು ಕಣ್ರೀ” ಎಂದರು. ಅದು ಯಶೋದಳ ಕಿವಿಗೆ ಬಿತ್ತು.

ಅವಳು ಶಿರಾದಿಂದ ಹಿಂದಿರುಗುವಷ್ಟರಲ್ಲಿ ಮಧುಗಿರಿ ಬೆಟ್ಟ ಸ್ಟ್ಯಾಂಡಿಗೆ ಬಂದು ಪಾವಗಡದ ಬಸ್ಸಿಗೆ ಕೈ ಅಡ್ಡ ಹಾಕಿ ನಿಂತಿತ್ತಂತೆ.