ಬಾಜೂ ಹೊಲದ ಬಂದೂಕು

ನಮ್ಮ ಮನೆಯ ಬಂದೂಕಿಗೆ ಗವಸು ಹೊಲಿದವಳು ನಾನು. ಹಳೆಯ ಇಳಕಲ್ ಸೀರೆಯ ಗಟ್ಟಿ ಭಾಗ, ಒಳಗೆ ಮೆತ್ತನೆಯ ಅಸ್ತರು, ಬಾಯಿಗೆ ಲಾಡಿ. ಅಂಚಿನ ಉದ್ದಕ್ಕೂ ಕಾನ್ವೆಂಟಿನಲ್ಲಿ ಸಿಸ್ಟರ್ ಕಲಿಸಿದ ಸರಪಳಿ ಹೊಲಿಗೆ ಹಾಕಿದ್ದೆ. ನನ್ನ ನೆಗೆಣ್ಣಿ, ಅಂದರೆ ಭಾವನವರ ಹೆಂಡತಿ, ಅದನ್ನು ನೋಡಿ, "ಬಂದೂಕಿಗೆ ಕುಬಸಾ ಮಾಡಿಯಲ್ಲ ತಂಗಿ, ಎಷ್ಟ ತಿಂಗಳಾತು ಅದಕ್ಕ?" ಎಂದು, ಬಸುರಿಗೆ ಕುಬಸ ತೊಡಿಸುವ ಶಾಸ್ತ್ರಕ್ಕೆ ಹೋಲಿಸಿ ಎಲ್ಲರನ್ನೂ ನಗಿಸಿದ್ದರು. ಅವರ ಮನೆಯ ಬಂದೂಕು ಬರಿಮೈಯಲ್ಲೇ ಗೂಟಕ್ಕೆ ನೇತಾಡುತ್ತದೆ.

ಕಲಘಟಗಿ ಕಡೆಯ ನಮ್ಮ ಊರಿನಲ್ಲಿ ಕಾಡು ಹೊಲಕ್ಕೆ ಹತ್ತಿಕೊಂಡೇ ಇದೆ. ಅಣ್ಣತಮ್ಮಂದಿರು ಪಾಲಾದಾಗ ನಡುವೆ ಒಂದು ಬದು ಬಂದು ಹೊಲ ಎರಡಾಯಿತು. ಬೆಳೆ ಕಾಯಲು ಇಬ್ಬರೂ ಒಂದೊಂದು ಬಂದೂಕಿಗೆ ಲೈಸೆನ್ಸು ಮಾಡಿಸಿಕೊಂಡರು. ಹಂದಿಗಳನ್ನು ಕೊಲ್ಲುವುದಕ್ಕಲ್ಲ. ಹೊತ್ತು ಮುಳುಗುವಾಗ ಗಾಳಿಯಲ್ಲಿ ಒಂದು ಗುಂಡು ಹಾರಿಸಿದರೆ ಹಿಂಡು ಆ ಕಡೆ ಸುಳಿಯುವುದಿಲ್ಲ, ಅಷ್ಟೇ.

ಆ ವರ್ಷ ಚುನಾವಣೆ ಘೋಷಣೆಯಾದಾಗ, ಪ್ರತಿ ಸಲದ ಹಾಗೆ, ಲೈಸೆನ್ಸು ಇದ್ದವರೆಲ್ಲ ಬಂದೂಕನ್ನು ಪೊಲೀಸ್ ಠಾಣೆಯಲ್ಲಿ ಇಡಬೇಕೆಂದು ಆದೇಶ ಬಂತು. ಎಲ್ಲ ಮುಗಿದ ಮೇಲೆ ವಾಪಸು ತರಬಹುದು. ನಮ್ಮ ಹೊಲದಲ್ಲಿ ಆಗ ಬೇಸಿಗೆ ಶೇಂಗಾ, ಕಾಯಿಗೆ ಹಾಲು ತುಂಬುವ ಹೊತ್ತು.

"ಆರ್ಡರ್ ಅಂದಮ್ಯಾಲೆ ಆರ್ಡರ್," ಎಂದರು ನಮ್ಮ ಮನೆಯವರು. "ಎಲ್ಲಾರಿಗಿಂತ ಮೊದಲ ಹೋಗಿ ಇಟ್ಟು ಬರೂಣು. ಮರ್ಯಾದಿ ಇರತೈತಿ."

ನನಗೂ ಹೆಮ್ಮೆಯೇ. ಪ್ರಾರ್ಥನೆಯ ಗಂಟೆ ಹೊಡೆದ ಕೂಡಲೇ ಸಾಲಿನಲ್ಲಿ ಮೊದಲು ನಿಂತು ಬೆಳೆದವಳು ನಾನು. ಬಂದೂಕಿಗೆ ಅರಿಷಿಣ ಕುಂಕುಮ ಹಚ್ಚಿ, ಗವಸು ತೊಡಿಸಿ, ಗಂಡನ ಮನೆಗೆ ಮಗಳನ್ನು ಕಳಿಸುವ ಹಾಗೆ ಬೈಕಿನ ತನಕ ಹೋಗಿ ಕಳಿಸಿದೆ. ಅವರು ತಿರುಗಿ ಬಂದಾಗ ಗವಸು ಮಡಿಚಿಕೊಂಡು ಅವರ ಬಗಲಲ್ಲೇ ಇತ್ತು. "ಬರೇ ಬಂದೂಕು ಸಾಕಂದ್ರು," ಎಂದರು. ಅದನ್ನು ಮತ್ತೆ ಗೂಟಕ್ಕೆ ಹಾಕಿದೆ. ಅದು ಸೊರಗಿ ಜೋತುಬಿತ್ತು.

ಭಾವನವರೂ ಠಾಣೆಗೆ ಹೋದರು, ಬರಿಗೈಯಲ್ಲಿ. "ನನ್ನ ಮ್ಯಾಲೆ ಕೇಸ್ ಐತೇನ್ರಿ? ಯಾರ ಜೋಡಿಯರೆ ಜಗಳಾ ಮಾಡೀನೇನ್ರಿ? ಕಾರಣ ಹೇಳ್ರಿ, ಇಡತೇನಿ," ಎಂದರಂತೆ. ಅಲ್ಲಿಂದ ಧಾರವಾಡಕ್ಕೆ ಹೋಗಿ ಅರ್ಜಿ ಕೊಟ್ಟರು. ಯಾರ ಬಂದೂಕು ಇಡಿಸಬೇಕು, ಯಾರದು ಬಿಡಬೇಕು ಎಂದು ಒಬ್ಬೊಬ್ಬರದನ್ನೇ ನೋಡಿ ಹೇಳಲು ಒಂದು ಸಮಿತಿ ಇರುತ್ತದೆಂಬುದು ನಮಗೆ ಗೊತ್ತಾದದ್ದೇ ಆಗ. ಕಾಡಂಚಿನ ಹೊಲ, ನಿಂತ ಬೆಳೆ, ತಕರಾರಿಲ್ಲದ ಮನುಷ್ಯ: ಅವರಿಗೆ ವಿನಾಯಿತಿ ಸಿಕ್ಕಿತು.

ಮರುದಿನ ಸಂಜೆ ನಾನು ತುಳಸಿಗೆ ದೀಪ ಹಚ್ಚುತ್ತಿದ್ದೆ. ಬಾಜೂ ಹೊಲದಿಂದ 'ಧಡ್' ಎಂದಿತು. ಬತ್ತಿ ಕೈಯಿಂದ ಜಾರಿತು. ಎಷ್ಟೋ ವರ್ಷ ಕೇಳಿದ ಸಪ್ಪಳವೇ, ಆದರೆ ಅವತ್ತು ಅದು ನನ್ನನ್ನೇ ಕರೆದು ಹೇಳಿದ ಹಾಗಿತ್ತು. ನಮ್ಮ ಮನೆಯವರು ಕಟ್ಟೆಯ ಮೇಲೆ ಕೂತು ಉಗುರು ನೋಡಿಕೊಳ್ಳುತ್ತಿದ್ದರು.

ಸಪ್ಪಳವಷ್ಟೇ ಆಗಿದ್ದರೆ ನುಂಗಿಕೊಳ್ಳಬಹುದಿತ್ತು. ಅಲ್ಲಿ ಬೆದರಿದ ಹಂದಿಗಳು ಬದು ಹಾರಿ ನಮ್ಮ ಹೊಲಕ್ಕೆ ನುಗ್ಗತೊಡಗಿದವು. ಬೆಳಗ್ಗೆ ಹೋಗಿ ನೋಡಿದರೆ ಬಳ್ಳಿಗಳು ಬೇರು ಮೇಲಾಗಿ ಬಿದ್ದಿರುತ್ತಿದ್ದವು, ಸುತ್ತ ಅಗಿದುಗುಳಿದ ಸಿಪ್ಪೆ. ಬದುವಿನ ಆಚೆ ಅವರ ಶೇಂಗಾ ಎಣ್ಣೆ ಹಚ್ಚಿ ಬಾಚಿದ ತಲೆಯ ಹಾಗೆ ಮಿರುಗುತ್ತಿತ್ತು. ನಮ್ಮ ಮನೆಯವರೂ ಅರ್ಜಿ ಹಿಡಿದು ಓಡಿದರು. "ಮೊದಲಽ ಕೇಳಬೇಕಿತ್ತು, ಕೇಳೂ ದಿನಾ ಮುಗದ್ವು," ಎಂದು ಕಚೇರಿಯವರು ವಾಪಸು ಕಳಿಸಿದರು. ಆಮೇಲೆ ಇವರು ದಿನಾ ಸಂಜೆ ಎಣ್ಣೆ ಡಬ್ಬಿ ಬಡಿಯುತ್ತ, ಹೋ ಹೋ ಎಂದು ಕೂಗುತ್ತ ಹೊಲದಲ್ಲಿ ತಿರುಗಿದರು. ಧ್ವನಿ ಬಿದ್ದುಹೋಯಿತು. ಹಂದಿಗಳು ಡಬ್ಬಿಯ ಸಪ್ಪಳಕ್ಕೆ ಎರಡೇ ದಿನದಲ್ಲಿ ಹೊಂದಿಕೊಂಡವು.

ಹಿಟ್ಟಿನ ಗಿರಣಿಯಲ್ಲಿ ನೆಗೆಣ್ಣಿ ಸಿಕ್ಕರು. ಅವರ ನಡಿಗೆಯೇ ಬದಲಾದಂತೆ ಕಂಡಿತು ನನಗೆ, ಬಳೆಯೂ ಹೆಚ್ಚು ಸದ್ದು ಮಾಡುತ್ತಿತ್ತು. "ನಿಮ್ಮ ಭಾವಾರು ಕೇಳಿದ್ರು, ಕೊಟ್ರು," ಎಂದರು. "ಕೇಳದಽ ಇದ್ರ ಯಾರ ಕೊಡ್ತಾರ ತಂಗಿ?" ಅವತ್ತು ಸಂಜೆ ಸ್ಟೀಲ್ ಡಬ್ಬಿಯಲ್ಲಿ ಶೇಂಗಾ ಹೋಳಿಗೆ ಕಳಿಸಿದರು. ಬಲು ರುಚಿಯಾಗಿತ್ತು. ಅದಕ್ಕೇ ಇನ್ನೂ ಸಿಟ್ಟು ಬಂತು.

ನಮ್ಮಲ್ಲಿ ಯಾರ ಮನೆಯ ಡಬ್ಬಿಯನ್ನೂ ಖಾಲಿ ತಿರುಗಿಸುವುದಿಲ್ಲ. ಒಂದು ಹಿಡಿ ಸಕ್ಕರೆ, ಇಲ್ಲವೆ ಒಂದು ಉಂಡೆ ಹಾಕಿಯೇ ಕೊಡುತ್ತೇವೆ. ನಾನು ಮರುದಿನ ಹೊಲಕ್ಕೆ ಹೋಗಿ, ಹಂದಿಗಳು ಅಗಿದುಗುಳಿದ ಸಿಪ್ಪೆಗಳನ್ನು ಆರಿಸಿ, ಡಬ್ಬಿ ತುಂಬಿ, ಮುಚ್ಚಳ ಗಟ್ಟಿಯಾಗಿ ಒತ್ತಿ, ನಾನೇ ಕೊಂಡೊಯ್ದು ಅವರ ಕೈಗೆ ಕೊಟ್ಟೆ.

ನೆಗೆಣ್ಣಿ ಮುಚ್ಚಳ ತೆಗೆದರು. ಒಂದು ಸಿಪ್ಪೆಯನ್ನು ಬೆರಳಲ್ಲಿ ಹೊರಳಿಸಿ ನೋಡಿದರು.

"ಏನ್ರಿ, ಬರ್ರಿ ಇಲ್ಲಿ," ಎಂದು ಒಳಗೆ ಕೂಗಿದರು. "ನಿಮ್ಮ ಬಂದೂಕಿನ ಬೆಳಿ ನೋಡ್ರಿ, ಎಷ್ಟ ಚೊಲೋ ಬಂದೈತಿ."

ಭಾವನವರು ನೋಡಿದರು. ಆಮೇಲೆ, "ನಾ ಏನ ಮಾಡ್ಲಿ? ಬಂದೂಕು ಬಿಟ್ಟದ್ದು ನನ್ನ ಹೊಲಾ ಕಾಯಾಕ. ತಮ್ಮನ ಹೊಲದಾಗ ಹೆಜ್ಜಿ ಇಟ್ಟು ಹಾರಿಸಿದ್ರ ನಾಳೆ ಇದನ್ನೂ ಒಯ್ತಾರ," ಎಂದರು.

"ಬದು ಯಾರದು?" ಎಂದರು ನೆಗೆಣ್ಣಿ.

"ಬದು ಇಬ್ರದೂ."

"ಹಂಗಂದ್ರ ನಿಮ್ಮ ಅರ್ಧದಾಗ ನಿಲ್ರಿ. ಹಂದಿಗೇನ ಗೊತ್ತು ಯಾರ ಅರ್ಧ ಅಂತ?"

ಅಂದಿನಿಂದ ಭಾವನವರು ಹೊಲದ ಆಚೆ ತುದಿ ಬಿಟ್ಟು ಬದುವಿನ ಮೇಲೆ, ತಮ್ಮ ಕಡೆಯ ಅಂಚಿನಲ್ಲಿ ನಿಂತು ಹಾರಿಸಿದರು. ಹಿಂಡು ಎರಡೂ ಹೊಲ ಬಿಟ್ಟು ಹಳ್ಳದ ಕಡೆಗೆ ಓಡಿತು. ನಮ್ಮ ಶೇಂಗಾ ಅರ್ಧಕ್ಕಿಂತ ಹೆಚ್ಚು ಉಳಿಯಿತು. ನಮ್ಮ ಮನೆಯವರು ಬದುವಿನ ಈಚೆ ನಿಂತು ಅಣ್ಣನಿಗೆ ಬ್ಯಾಟರಿ ಹಿಡಿಯುತ್ತಿದ್ದರು. ಚಹಾದ ಥರ್ಮಾಸ್ ಹಿಡಿದು ಹೋದಾಗ ನನ್ನ ಕಣ್ಣು ಹೋಗುತ್ತಿದ್ದದ್ದು ಆ ಬ್ಯಾಟರಿಯ ಕಡೆಗೇ. ಬೆಳೆ ಉಳಿದ ಸಂತೋಷಕ್ಕಿಂತ ಅದು ನನ್ನನ್ನು ಹೆಚ್ಚು ಚುಚ್ಚುತ್ತಿತ್ತು.

ಮತ ಎಣಿಕೆ ಮುಗಿದು ನಮ್ಮ ಬಂದೂಕು ಮನೆಗೆ ಬಂತು. ನಳಿಗೆಯ ಮೇಲೆ ಯಾರದೋ ಬೆರಳಿನ ಗುರುತು ತುಕ್ಕಾಗಿ ಕೂತಿತ್ತು. ಮನೆಯವರು ಇಡೀ ಮಧ್ಯಾಹ್ನ ಎಣ್ಣೆ ಹಚ್ಚಿ ತಿಕ್ಕಿದರು. "ಮುಂದಿನ ಸಲ ಮೊದಲ ಕೇಳೂಣು," ಎಂದರು, ನನ್ನ ಕಡೆ ನೋಡದೆ.

ಶೇಂಗಾ ಒಣಹಾಕಿದ ದಿನ ನೆಗೆಣ್ಣಿ ಬಂದರು. "ನಮ್ಮ ಬಂದೂಕಿಗೂ ಒಂದ ಕುಬಸಾ ಹೊಲದ ಕೊಡ ತಂಗಿ," ಎಂದು ಒಂದು ಒಳ್ಳೆಯ ಸೀರೆಯ ತುಂಡನ್ನೇ ಮುಂದಿಟ್ಟರು. ನಮ್ಮ ಬೆಳೆ ಉಳಿಸಿಕೊಟ್ಟವರಿಗೆ ಹೇಗೆ ಇಲ್ಲವೆನ್ನಲಿ? ಅಸ್ತರು ಹಾಕಿ, ಲಾಡಿ ಕಟ್ಟಿ, ನೀಟಾಗಿ ಹೊಲಿದು ಕೊಟ್ಟೆ.

ಅವರು ಅದನ್ನು ಬೆಳಕಿಗೆ ಹಿಡಿದು, ತಿರುಗಿಸಿ ನೋಡಿ, "ಅಂಚಿಗೆ ಸರಪಳಿ ಹಾಕೇ ಇಲ್ಲಲ್ಲ?" ಎಂದರು.

"ನೀವು ಕೇಳಲಿಲ್ಲಲ್ರಿ ಅಕ್ಕಾರ," ಎಂದೆ ನಾನು, ಮೆಲ್ಲಗೆ. "ಕೇಳಿದ್ರ ಹಾಕತಿದ್ದೆ."