ಒಂಬತ್ತು ಮಣದ ಹುಲಿ

ನಾನು ಚಿಕ್ಕವಳಿದ್ದಾಗ ರಾಯಬಾಗದಲ್ಲಿ ನನಗೆ ಒಬ್ಬಳೇ ಗೆಳತಿ ಇದ್ದಳು. ಅವಳನ್ನು ನಾನು ಕಳೆದುಕೊಂಡದ್ದು ಒಂದು ಹುಲಿಯಿಂದ. ಅದೂ ಸತ್ತು ಎಷ್ಟೋ ವರ್ಷವಾಗಿದ್ದ, ಹೊಟ್ಟೆಯಲ್ಲಿ ಹುಲ್ಲು ತುಂಬಿಸಿಕೊಂಡು ನಿಂತಿದ್ದ ಹುಲಿ.

ಅಪ್ಪನದು ಅಂಗಡಿಗಳ ತಕ್ಕಡಿ, ತೂಕದ ಕಲ್ಲುಗಳನ್ನು ಪರೀಕ್ಷಿಸಿ ಮುದ್ರೆ ಒತ್ತುವ ಸರಕಾರಿ ನೌಕರಿ. ಸೇರು, ಮಣ ಹೋಗಿ ಕಿಲೋ ಬಂದ ಹೊಸ ಕಾಲ ಅದು. ಅಪ್ಪ ಸೈಕಲ್ಲಿಗೆ ಮರದ ಪೆಟ್ಟಿಗೆ ಕಟ್ಟಿಕೊಂಡು ಊರೂರು ತಿರುಗುತ್ತಿದ್ದ. ಅದರೊಳಗೆ ಮಖಮಲ್ಲಿನ ಗುಳಿಗಳಲ್ಲಿ ಹಿತ್ತಾಳೆಯ ತೂಕಗಳು ಕೂತಿರುತ್ತಿದ್ದವು. ಬರಿಗೈಯಿಂದ ಮುಟ್ಟಲು ನನಗೂ ಅಪ್ಪಣೆಯಿರಲಿಲ್ಲ. ಬೆವರು ಹತ್ತಿದರೂ ತೂಕ ಕೆಡುತ್ತದೆ ಎನ್ನುತ್ತಿದ್ದ.

ತಕ್ಕಡಿ ಇದ್ದವರ ಮನೆಯಲ್ಲಿ ಅಪ್ಪ ಒಂದು ಲೋಟ ನೀರನ್ನೂ ಕುಡಿಯುತ್ತಿರಲಿಲ್ಲ. ಹಾಗಾಗಿ ನಮ್ಮನ್ನು ಯಾರೂ ಕರೆಯುತ್ತಲೂ ಇರಲಿಲ್ಲ. ಓಣಿಯ ಹುಡುಗಿಯರು ಕುಂಟಬಿಲ್ಲೆ ಆಡುವಲ್ಲಿ ನಾನು ಹೋಗಿ ನಿಂತರೆ ಆಟ ತಾನಾಗಿ ಮುಗಿದುಹೋಗುತ್ತಿತ್ತು. ಅವ್ವ ತೀರಿಕೊಂಡಿದ್ದಳು. ಅಕ್ಕ ಮದುವೆಯಾಗಿ ಕೊಗನೊಳ್ಳಿಗೆ ಹೋಗಿದ್ದಳು. ಸಾಲಿ ಬಿಟ್ಟ ಮೇಲೆ ಅಪ್ಪ ಬರುವ ತನಕ ಕಟ್ಟೆಯ ಮೇಲೆ ಕೂತು, ಗಾಣಗಳ ಕಡೆಯಿಂದ ಬರುವ ಬೆಲ್ಲದ ಪಾಕದ ವಾಸನೆ ಮೂಸುತ್ತ ನನ್ನಷ್ಟಕ್ಕೆ ನಾನೇ ಮಗ್ಗಿ ಹೇಳಿಕೊಳ್ಳುತ್ತಿದ್ದೆ.

ಐದನೆಯ ಇಯತ್ತೆಯಲ್ಲಿ ಆ ಗೆಳತಿ ಸಿಕ್ಕಳು. ದಿಗ್ಗೇವಾಡಿಯ ಆಚೆ, ಕೃಷ್ಣೆಯ ದಂಡೆಯ ಒಂದು ಹಳ್ಳಿಯ ದೊಡ್ಡಮನೆಯ, ಎಂದರೆ ವಾಡೆಯ, ಹುಡುಗಿ. ಸಾಲಿಗಾಗಿ ಸೋದರತ್ತೆಯ ಮನೆಯಲ್ಲಿದ್ದಳು. ಮೊದಲ ದಿನವೇ ನನ್ನ ಪಕ್ಕ ಕೂತು, ರೊಟ್ಟಿಯ ಮೇಲೆ ಶೇಂಗಾ ಹಿಂಡಿ ಸುರಿದು ಅರ್ಧ ಮುರಿದುಕೊಟ್ಟಳು. ಅವಳ ಮಾತೆಲ್ಲ ಹುಲಿಯದೇ. ಅವಳ ಮುತ್ತಜ್ಜ ಪಡುವಣದ ಘಟ್ಟದಲ್ಲಿ ಹೊಡೆದ ಹುಲಿಯಂತೆ, ಒಂಬತ್ತು ಮಣ ಇತ್ತಂತೆ. ಕೇಳಿ ಕೇಳಿ ಆ ಹುಲಿ ನಮ್ಮ ಮನೆಯದೇ ಎನ್ನುವಷ್ಟು ಹೆಮ್ಮೆ ನನಗೂ ಬಂದಿತ್ತು.

ಒಂದು ದಿನ ಅವಳ ಅಜ್ಜ, ವಾಡೆಯ ಯಜಮಾನರು, ಅಪ್ಪನಿಗೆ ಹೇಳಿ ಕಳಿಸಿದರು. ಹುಲಿಯ ಕಾಲ ಬಳಿಯ ಹಲಗೆಯ ಮೇಲೆ ಅದರ ತೂಕ ಮಣದ ಲೆಕ್ಕದಲ್ಲಿದೆ, ಹೊಸ ಹಲಗೆಯ ಮೇಲೆ ಕಿಲೋದಲ್ಲಿ ಬರೆಸಬೇಕು, ಸರಕಾರದ ಮನುಷ್ಯನ ಕೈಯಿಂದಲೇ ಆಗಬೇಕು ಎಂದು. ರವಿವಾರ ಅಪ್ಪ ನನ್ನನ್ನು ಸೈಕಲ್ಲಿನ ಮುಂದೆ ಕೂರಿಸಿಕೊಂಡು ಹೊರಟ. ನಾನು ಅಕ್ಕ ಬಿಟ್ಟುಹೋದ ಹಸಿರು ಲಂಗ ಮಡಚಿ ಉಟ್ಟಿದ್ದೆ. ಯಾರಾದರೂ ನಮ್ಮನ್ನು ಮನೆಗೆ ಕರೆದದ್ದು ನನಗೆ ನೆನಪಿದ್ದಂತೆ ಅದೇ ಮೊದಲು.

ವಾಡೆಯ ಪಡಸಾಲೆಯಲ್ಲಿ ಹುಲಿ ನಿಂತಿತ್ತು. ಗಾಜಿನ ಕಣ್ಣು, ಇಲಿ ಕಡಿದ ಒಂದು ಕಿವಿ, ನುಸಿಗುಳಿಗೆಯ ಘಾಟು. ಶನಿವಾರವೇ ಊರಿಗೆ ಬಂದಿದ್ದ ಗೆಳತಿ ನನ್ನ ಕೈ ಹಿಡಿದು ಅದರ ಬೆನ್ನ ಮೇಲೆ ಇರಿಸಿದಳು. ಕೂದಲು ಹಳೆಯ ಕುಂಚದಂತೆ ಒರಟಾಗಿತ್ತು.

ಅಪ್ಪ ಹಲಗೆಯನ್ನು ಓದಿದ. ಆಮೇಲೆ ಹುಲಿಯ ಕಡೆ ನೋಡಿದ. ಆಮೇಲೆ ಅಂಗಳದಲ್ಲಿ ಕಟ್ಟಿದ್ದ ಖಿಲಾರಿ ಹೋರಿಯ ಕಡೆ ನೋಡಿದ. ಒಂಬತ್ತು ಮಣವೆಂದರೆ ಮುನ್ನೂರ ಮೂವತ್ತು ಕಿಲೋ ದಾಟುತ್ತದೆ, ಹೆಚ್ಚುಕಡಿಮೆ ಆ ಹೋರಿಯಷ್ಟೇ ಆಯಿತು ಎಂದ. ಒಂದೊಂದು ಪೇಟೆಯ ಮಣ ಒಂದೊಂದು ತೆರನಾಗಿತ್ತು, ಇದು ಯಾವ ಪೇಟೆಯ ಮಣ ಎಂದು ಕೇಳಿದ. ಯಜಮಾನರಿಗೆ ಗೊತ್ತಿರಲಿಲ್ಲ.

"ತೂಗಿದವ್ರು ಯಾರ್ರಿ ಧಣ್ಯಾರ?"

"ನಮ್ಮಪ್ಪ ಬರಸ್ಯಾನ್ರಿ ಸಾಹೇಬ್ರ. ಮತ್ತೇನ ಬೇಕು?"

ಆಗ ಇದ್ದವರು ಯಾರಾದರೂ ಇದ್ದಾರೆಯೇ ಎಂದು ಅಪ್ಪ ಮತ್ತೆ ಕೇಳಿದ. ಒಬ್ಬ ಮುದುಕ ಇದ್ದಾನೆ, ಹುಲಿ ಹೊತ್ತು ತಂದವರಲ್ಲಿ ಉಳಿದವನು ಅವನೊಬ್ಬನೇ, ಆದರೆ ಅವನಿಗೆ ತಲೆ ಸರಿಯಿಲ್ಲ, ತೂಕ ಸುಳ್ಳೆಂದು ಊರ ತುಂಬ ಹೇಳಿಕೊಂಡು ತಿರುಗಿದವನು ಎಂದರು ಯಜಮಾನರು. ಅಪ್ಪ ಪೆಟ್ಟಿಗೆಯನ್ನು ಅಲ್ಲೇ ಬಿಟ್ಟು ನನ್ನನ್ನು ಕರೆದುಕೊಂಡು ಹೊಳೆಯ ಕಡೆಗೆ ನಡೆದ.

ಮುದುಕನ ಗುಡಿಸಲು ಕಬ್ಬಿನ ಹೊಲಗಳಾಚೆ ಒಂಟಿಯಾಗಿ ಇತ್ತು. ಐದಾರು ಆಡುಗಳು, ಒಂದು ಹೊರಸು, ಅದರ ಮೇಲೆ ಕಂಬಳಿ ಹೊದ್ದ ಅಜ್ಜ. ಅಪ್ಪ ಹುಲಿಯ ಮಾತೆತ್ತಿದ ಕೂಡಲೇ ಅವನು ಮುಖ ತಿರುಗಿಸಿದ. ನಗಲು ಬಂದವರು ಎಂದುಕೊಂಡಿರಬೇಕು. ಅಪ್ಪ ನೆಲದ ಮೇಲೆ ಕೂತು, ತಕ್ಕಡಿಯನ್ನು ಯಾವ ಮರಕ್ಕೆ ಕಟ್ಟಿದ್ದಿರಿ ಎಂದಷ್ಟೇ ಕೇಳಿದ. ಅಜ್ಜ ಕಂಬಳಿ ಸರಿಸಿ ಎದ್ದು ಕೂತ.

"ಇಷ್ಟ ವರ್ಷದಾಗ ಇದನ್ನ ಕೇಳಿದವ್ರ ನೀವೊಬ್ರ ನೋಡ್ರಿ," ಎಂದ.

ಆಮೇಲೆ ಹೇಳುತ್ತ ಹೋದ. ಬೇವಿನ ಮರಕ್ಕೆ ಬೆಲ್ಲ ತೂಗುವ ತಕ್ಕಡಿ ಕಟ್ಟಿದ್ದರಂತೆ. ಹುಲಿಯ ಬಾಲ, ಹಿಂಗಾಲು ನೆಲಕ್ಕೆ ಹತ್ತುತ್ತಿದ್ದುದರಿಂದ ಮೊದಲು ಮುಂದಿನ ಅರ್ಧ ಎತ್ತಿ ತೂಗಿದರು, ಆಮೇಲೆ ಹಿಂದಿನ ಅರ್ಧ. ಎರಡೂ ಸಲ ಹೊತ್ತು ತಂದ ಬಡಿಗೆಯನ್ನೂ ನೆನೆದ ಹಗ್ಗವನ್ನೂ ಬಿಚ್ಚಿರಲಿಲ್ಲ. ತೂಕದ ಕಲ್ಲು ಸಾಲದೆ ಹೊಳೆಯ ಕಲ್ಲು ಇಟ್ಟರು. ಆ ಕಲ್ಲಿನ ತೂಕವನ್ನು ಅಂದಾಜಿನಲ್ಲಿ ಬಾಯಿಯಲ್ಲೇ ಹೇಳಿದರು. ಹುಲಿ ಹಿಂದಿನ ರಾತ್ರಿ ಎಮ್ಮೆಯ ಕರು ತಿಂದಿತ್ತು; ಹೊಟ್ಟೆ ಸೀಳಿದಾಗ ಎರಡು ಬುಟ್ಟಿ ಮಾಂಸ ಬಂತು.

"ಅವತ್ತ ಆರೂವರಿ ಮಣ ಅಂದ್ರು. ಸಂಜೀಕ ಏಳಾತು. ದಸರಾಕ್ಕ ಒಂಬತ್ತಾತು. ಆರು ಮಂದಿ ಹೊತ್ತೀವ್ರಿ. ನನ್ನ ಪಾಲಿಗೆ ಮುಕ್ಕಾಲ ಮಣದ ಒಂದ ಬೆಲ್ಲದ ಪೆಂಟಿಕಿಂತ ಜಾಸ್ತಿ ಬಂದಿಲ್ಲ. ಹೇಳಿದ್ದಕ್ಕ ವಾಡೇದ ಬಾಗಲಾ ಬಂದ್ ಆತು. ಊರ ಮಂದೀನೂ ಮಾತ ಬಿಟ್ರು."

ಅವನು ಆಡು ಕರೆದು ಎರಡು ಹಿತ್ತಾಳೆಯ ಲೋಟದಲ್ಲಿ ಬಿಸಿ ಹಾಲು ಕೊಟ್ಟ. ಅಪ್ಪ ಬೇಡವೆನ್ನುತ್ತಾನೆ ಎಂದುಕೊಂಡಿದ್ದೆ. ಆ ಗುಡಿಸಲಿನಲ್ಲಿ ತಕ್ಕಡಿ ಇರಲಿಲ್ಲ. ಅಪ್ಪ ಕುಡಿದ.

ತಿರುಗಿ ವಾಡೆಗೆ ನಡೆಯುವಾಗ, ಅಪ್ಪ ಆ ಅಂಕಿ ಬರೆಯುವುದಿಲ್ಲ, ಗೆಳತಿ ನನಗೆ ಉಳಿಯುವುದಿಲ್ಲ ಎಂದು ತಿಳಿದುಹೋಯಿತು. ಎರಡೂ ಬದಿಗೆ ಕಬ್ಬು ನನಗಿಂತ ಎತ್ತರ ನಿಂತಿತ್ತು. ದಾರಿಯಲ್ಲಿ ನಾವಿಬ್ಬರೇ. ನಾನು ಅಪ್ಪನ ಅಂಗಿಯ ತುದಿ ಹಿಡಿದು ಜಗ್ಗಿದೆ.

"ಅಪ್ಪಾ, ಬರದ ಬಿಡು. ಹುಲಿ ಸತ್ತ ಹೋಗೈತಿ. ಯಾರಿಗೇನ ಆಗ್ತೈತಿ?"

ಅಪ್ಪ ನಿಂತ. ನನ್ನ ಕಣ್ಣು ಒರೆಸಿದ.

"ಹುಲಿ ಸತ್ತೈತವ್ವಾ. ಅಜ್ಜ ಇನ್ನೂ ಬದುಕ್ಯಾನ."

ಯಜಮಾನರ ಮುಂದೆ ಅಪ್ಪ ದನಿ ಏರಿಸಲಿಲ್ಲ. ಇದನ್ನು ಯಾರೂ ಸರಿಯಾಗಿ ತೂಗಿಲ್ಲ, ಎಷ್ಟಿತ್ತೆಂದು ತನಗೆ ಗೊತ್ತಿಲ್ಲ, ಉದ್ದ ಅಳೆದು ಬೇಕಾದರೆ ಬರೆದುಕೊಡುತ್ತೇನೆ ಎಂದ. ಹಾಗಾದರೆ ಆ ಮುದುಕ ಹೇಳಿದ್ದೇ ಖರೆಯೇ ಎಂದು ಅವರು ಕೇಳಿದರು. ಹೆಗಲಿನ ನೆನಪು ಮುದ್ರೆ ಬಿದ್ದ ತಕ್ಕಡಿಯಲ್ಲ, ಅದನ್ನೂ ಬರೆಯಲಾರೆ, ಆದರೆ ಅಂದು ತೂಗಿದ್ದು ಹೇಗೆ ಎಂಬುದನ್ನು ಅವನು ಕಂಡಿದ್ದಾನೆ, ನಾವು ಕಂಡಿಲ್ಲ ಎಂದ ಅಪ್ಪ.

"ಬಿಡ್ರಿ ಹಂಗಾದ್ರ. ಬರಿಯವ್ರು ಭಾಳ ಮಂದಿ ಅದಾರ," ಎಂದರು ಯಜಮಾನರು.

ಗೆಳತಿ ಬಾಗಿಲ ಮರೆಯಲ್ಲಿ ನಿಂತು ಎಲ್ಲವನ್ನೂ ಕೇಳಿದ್ದಳು. ನಾನು ಕೈ ಎತ್ತಿದೆ. ಅವಳು ಒಳಗೆ ಹೋದಳು.

ಹೊರಡುವ ಮುನ್ನ ಅಪ್ಪ ಮತ್ತೆ ಗುಡಿಸಲಿಗೆ ಹೋಗಿ ವಾಡೆಯಲ್ಲಿ ತಾನು ಆಡಿದ ಮಾತನ್ನು ಅಜ್ಜನಿಗೆ ಹೇಳಿದ. ನೀವು ಹೇಳಿದ ತೂಕವನ್ನೂ ನಾನು ಒಪ್ಪಿಲ್ಲ ಎಂಬುದನ್ನೂ ಮುಚ್ಚಿಡಲಿಲ್ಲ.

"ಗೊತ್ತಿಲ್ಲ ಅಂದ್ರ್ಯಾ? ಅಷ್ಟ ಸಾಕ್ರಿ," ಎಂದು ಅಜ್ಜ ಕಂಬಳಿಯ ಅಂಚಿನಿಂದ ಮೂಗು ಒರೆಸಿಕೊಂಡ.

ಸೋಮವಾರ ಗೆಳತಿ ಬೇರೆ ಬೆಂಚಿನಲ್ಲಿ ಕೂತಿದ್ದಳು. ನಾನು ಅವಳ ಕಡೆ ನೋಡದೆ ನನ್ನ ರೊಟ್ಟಿಯನ್ನು ಚಿಕ್ಕ ಚಿಕ್ಕ ತುಂಡು ಮಾಡಿ ತಿಂದೆ, ಬೇಗ ಮುಗಿಯಬಾರದೆಂದು. ರೊಟ್ಟಿ ಮುಗಿದರೆ ಅಲ್ಲಿ ಒಬ್ಬಳೇ ಏನು ಮಾಡುತ್ತ ಕೂರುವುದು? ಅಪ್ಪನಿಗೆ ಅಥಣಿಗೆ ಬದಲಿಯಾಗುವ ತನಕ ಹಾಗೆಯೇ ಕಳೆಯಿತು. ಎಷ್ಟೋ ದಿನ ಅಪ್ಪನ ಮೇಲೆ ಸಿಟ್ಟಿತ್ತು. ಅವನೂ ನನ್ನ ಹಾಗೆಯೇ ಒಬ್ಬನೇ ಊಟ ಮಾಡುತ್ತಿದ್ದ ಎಂಬುದು ಹೊಳೆದದ್ದು ನಾನು ದೊಡ್ಡವಳಾದ ಮೇಲೆ. ಹಲಗೆಯನ್ನು ಬೇರೆ ಯಾರೋ ಬರೆದುಕೊಟ್ಟರು. ಮುಂದೆ ಆ ಅಂಕಿ ಒಂದು ಪುಸ್ತಿಕೆಯಲ್ಲೂ ಅಚ್ಚಾಯಿತಂತೆ.

ಈಗ ನಿಮ್ಮ ಕಾಲ, ಮಕ್ಕಳೇ. ಅರಣ್ಯ ಇಲಾಖೆಯವರು ಹುಲಿಗೆ ನಿದ್ದೆಯ ಮದ್ದಿನ ಸೂಜಿ ಹೊಡೆದು, ಜೀವಂತ ಇರುವಾಗಲೇ ಜೋಳಿಗೆಯಲ್ಲಿ ಎತ್ತಿ ತೂಗಿ ಬಿಟ್ಟುಬಿಡುತ್ತಾರೆ. ನಮ್ಮಲ್ಲಿ ಒಂದು ಅಂಕಿಯ ಹಿಂದೆ ಹೊಳೆಯವರೆಗೆ ನಡೆಯಬೇಕಿತ್ತು. ನಿಮಗೆ ಮೊಬೈಲಿನಲ್ಲಿ ಬೆರಳು ಸರಿಸಿದರೆ ನೂರು ಅಂಕಿ. ಮೊನ್ನೆ ಮೊಮ್ಮಗಳು ಓಡಿ ಬಂದು, ಜಗತ್ತಿನ ಎಲ್ಲಕ್ಕಿಂತ ದೊಡ್ಡ ಹುಲಿ ಎಷ್ಟು ಕಿಲೋ ಎಂದು ತೋರಿಸಿದಳು. ತೂಗಿದವರು ಯಾರು, ಅದರ ಹೊಟ್ಟೆ ತುಂಬಿತ್ತೋ ಖಾಲಿಯಿತ್ತೋ ಎಂದು ಕೇಳಿದೆ. ಇನ್ನೇನು ಮುಖ ಸಣ್ಣ ಮಾಡಿಕೊಂಡು ಎದ್ದು ಹೋಗುತ್ತಾಳೆ ಎಂದುಕೊಂಡೆ. ಅವಳು ಹೋಗಲಿಲ್ಲ. ಕೆಳಗೆ, ಇನ್ನೂ ಕೆಳಗೆ ಬೆರಳು ಸರಿಸುತ್ತ ಹುಡುಕಿದಳು.

"ಇದರಾಗ ಬರದಿಲ್ಲ ಅಜ್ಜಿ," ಎಂದು ನನ್ನ ಪಕ್ಕವೇ ಕೂತಳು.