ಅವ್ವ ಕಲಿಸಿದ ಮೂಗು

ಇವತ್ತು ಬೆಳಿಗ್ಗೆ ನನ್ನ ಹೆಂಡತಿ ಮಹಾನಂದಾ ಹಾಲಿನ ಪಾತ್ರೆಯನ್ನು ನನ್ನ ಮುಖದ ಹತ್ತಿರ ತಂದು "ಕೆಟ್ಟಾವೇನ ನೋಡ್ರಿ" ಎಂದವಳು, ನಾನು ಬಗ್ಗುವಷ್ಟರಲ್ಲಿ ಅದನ್ನು ಹಿಂದಕ್ಕೆ ಎಳೆದುಕೊಂಡಳು. "ಇರ್ಲಿ, ನಾನೇ ನೋಡ್ತೀನಿ" ಎಂದು ಅಡುಗೆಮನೆಗೆ ಹೋದಳು. ರೂಢಿ ಅಷ್ಟು ಬೇಗ ಬಿಡುವುದಿಲ್ಲ. ಮದುವೆಯಾದಾಗಿನಿಂದ ನಮ್ಮ ಮನೆಯ ಹಾಲು, ತುಪ್ಪ, ರಾತ್ರಿ ಉಳಿದ ಬೇಳೆ ಎಲ್ಲಕ್ಕೂ ತೀರ್ಪು ಕೊಡುತ್ತಿದ್ದದ್ದು ನನ್ನ ಮೂಗು. ಈಗ ಅದು ಕನ್ನಡಕ ಕೂರಿಸುವುದಕ್ಕೆ ಮಾತ್ರ ಉಪಯೋಗಕ್ಕೆ ಬರುತ್ತದೆ.

ಹಳೆಯದನ್ನು ನೆನೆಯುವವರು ಸಾಮಾನ್ಯವಾಗಿ ಒಂದು ವಾಸನೆಯಿಂದ ಶುರು ಮಾಡುತ್ತಾರೆ. ಮಲ್ಲಿಗೆಯ ಘಮ ಬಂತು, ಅಜ್ಜಿ ನೆನಪಾದಳು ಎನ್ನುತ್ತಾರೆ. ನನಗೆ ಆ ಅನುಕೂಲವಿಲ್ಲ. ನಾನು ಅಜ್ಜಿಯನ್ನು ನೆನೆದುಕೊಂಡು ಆಮೇಲೆ ಅವಳ ಎಲೆ ಅಡಿಕೆಯ ವಾಸನೆ ಹೇಗಿತ್ತೆಂದು ಹುಡುಕಬೇಕು, ಸಿಗುವುದಿಲ್ಲ. ಐವತ್ತರ ಹತ್ತಿರ ಬಂದವನಿಗೆ ದೊಡ್ಡ ಸುಖಗಳನ್ನು ಯಾರೂ ಕೊಡುವುದಿಲ್ಲ, ಅವನೂ ಕೇಳುವುದಿಲ್ಲ. ಬೆಳಗಿನ ಚಹಾ, ಬಿಸಿ ರೊಟ್ಟಿಯ ಮೇಲೆ ಶೇಂಗಾ ಹಿಂಡಿ, ಪಕ್ಕದ ಮನೆಯವರ ಒಗ್ಗರಣೆ ಇಷ್ಟರಲ್ಲೇ ದಿನ ತೆಗೆಯುತ್ತಾನೆ. ನನ್ನಿಂದ ಕಿತ್ತುಕೊಂಡದ್ದು ಸರಿಯಾಗಿ ಇವನ್ನೇ. ಚಹಾ ಈಗ ಬರೀ ಸಿಹಿ ಬಿಸಿನೀರು.

ಈ ಮೂಗು ಅವ್ವ ಕಲಿಸಿದ್ದು. ಹುಟ್ಟಿನಿಂದ ಎಲ್ಲರಿಗೂ ಬರುವುದು ಮೂಗಿನ ಆಕಾರ ಮಾತ್ರ, ವಿದ್ಯೆ ಬೇರೆ. ನಮ್ಮೂರು ದುಬಲಗುಂಡಿ. ಎಳ್ಳ ಅಮಾವಾಸ್ಯೆಯ ದಿನ ನಮ್ಮ ಕಡೆ ಹೊಲದಲ್ಲೇ ಊಟ. ಹಸಿ ತೊಗರಿ, ಅವರೆ, ಕಡಲೆ, ಮೆಂತ್ಯ, ಇನ್ನೂ ಆ ಹೊತ್ತಿಗೆ ಹಸಿರಾಗಿ ಏನೇನು ಸಿಕ್ಕುತ್ತದೋ ಅಷ್ಟನ್ನೂ ಕೂಡಿಸಿ ಕಡಲೆಹಿಟ್ಟು ಕಲಸಿ ಕುದಿಸಿದರೆ ಭಜ್ಜಿ. ಅದನ್ನು ಸಜ್ಜೆ ರೊಟ್ಟಿಯ ಜೊತೆಗೆ ತಿನ್ನಬೇಕು. ಆದರೆ ತಿನ್ನುವ ಮೊದಲು ಎಲ್ಲ ಅಡುಗೆಯಲ್ಲೂ ಒಂದಿಷ್ಟು ತೆಗೆದು ಹೊಲದ ಸುತ್ತ ಚೆಲ್ಲಿ ಬರಬೇಕು. ಅದಕ್ಕೆ ಚರಗ ಚೆಲ್ಲುವುದು ಎನ್ನುತ್ತಾರೆ. ಭೂಮಿತಾಯಿ ಉಂಡ ಮೇಲೆ ನಮಗೆ. ಅಲ್ಲಿಯವರೆಗೆ ಮಾಡಿದವರೂ ನಾಲಿಗೆಗೆ ಹಚ್ಚಿ ನೋಡುವಂತಿಲ್ಲ. ಹಾಗಾದರೆ ಉಪ್ಪು, ಹುಳಿ, ಬೆಂದದ್ದು ತಿಳಿಯುವುದು ಹೇಗೆ? ಅವ್ವ ಮೂಗಿನಿಂದಲೇ ತಿಳಿಯುತ್ತಿದ್ದಳು. ನನ್ನನ್ನು ಪಾತ್ರೆಯ ಹತ್ತಿರ ಕರೆದು, "ಮೂಗಿಲೆ ನೋಡು. ಹುಣಚಿಹಣ್ಣು ಕಮ್ಮಿ ಆಗ್ಯದೋ ಇಲ್ಲೋ ಹೇಳು" ಎನ್ನುತ್ತಿದ್ದಳು. ತಪ್ಪು ಹೇಳಿದರೆ ಬೆನ್ನಿಗೆ ಒಂದು ಬೀಳುತ್ತಿತ್ತು, ಸರಿ ಹೇಳಿದರೂ ಒಂದು ಬೀಳುತ್ತಿತ್ತು, ಅದು ಸ್ವಲ್ಪ ಮೆತ್ತಗೆ.

ಬಸವಕಲ್ಯಾಣದಲ್ಲಿ ಸೋದರಮಾವನ ಮನೆ ಇತ್ತು. ಬಸ್ಸಿನಲ್ಲಿ ಹೋಗುವಾಗ ನಾನು ಕಣ್ಣು ಮುಚ್ಚಿಕೊಂಡು ಕುಳಿತು ಎಲ್ಲಿಗೆ ಬಂದೆವೆಂದು ಹೇಳುತ್ತಿದ್ದೆ. ಹುಮನಾಬಾದಿನ ಅಡತಿ ಬಜಾರದ ಹತ್ತಿರ ಹೊಸ ತೊಗರಿಯ ಧೂಳು, ಮುಂದೆ ಎಲ್ಲೋ ಬೆಲ್ಲ ಕಾಯಿಸುವ ಹೊಗೆ, ಬಂಗ್ಲಾ ಕ್ರಾಸಿನಲ್ಲಿ ಮಿರ್ಚಿ ಕರಿಯುವ ಎಣ್ಣೆ. ಮಾವ ಅದನ್ನು ಕೇಳಿ, "ಇವ ದೊಡ್ಡಾಂವ ಆಗಿ ಅತ್ತರ್ ಮಾರ್ತಾನ ನೋಡ್ರಿ" ಎಂದು ನಗುತ್ತಿದ್ದ. ಅತ್ತರ್ ಮಾರಿದ್ದರೆ ಇವತ್ತು ನಾನು ಈ ಕಥೆ ಹೇಳುತ್ತಿರಲಿಲ್ಲ, ನೀವು ನನ್ನ ಅತ್ತರ್ ಕೊಳ್ಳದೆ ಮುಂದೆ ಹೋಗುತ್ತಿದ್ದಿರಿ, ಇಬ್ಬರಿಗೂ ಒಳ್ಳೆಯದಾಗುತ್ತಿತ್ತು.

ನಾನು ಸೇರಿದ್ದು ಹುಮನಾಬಾದಿನ ಇಂಡಸ್ಟ್ರಿಯಲ್ ಏರಿಯಾದ ಒಂದು ಕೆಮಿಕಲ್ ಫ್ಯಾಕ್ಟರಿಗೆ. ಸೇರಿದ ಕೆಲವೇ ತಿಂಗಳಲ್ಲಿ ನನ್ನ ಮೂಗಿನ ಸುದ್ದಿ ಹಬ್ಬಿತು. ಒಂದು ದಿನ ಪೈಪು ಎಲ್ಲೋ ಸೋರುತ್ತಿತ್ತು, ಯಾರಿಗೂ ಸಿಗಲಿಲ್ಲ. ನಾನು ಹೋಗಿ ಇಂಥ ಜಾಯಿಂಟು ಎಂದು ತೋರಿಸಿದೆ. ಅಂದಿನಿಂದ ಸೋರಿಕೆ ಎಂದರೆ ನನಗೆ ಕರೆ. ಗ್ಯಾಸು ಹಿಡಿಯುವ ಮೀಟರು ಒಂದು ಇತ್ತಂತೆ, ರಿಪೇರಿಗೆ ಹೋದದ್ದು ವಾಪಸು ಬರಲೇ ಇಲ್ಲ. ಬರುವ ಅಗತ್ಯವೇನಿತ್ತು? ನಾನಿದ್ದೆನಲ್ಲ. ಪೈಪಿನ ಉದ್ದಕ್ಕೂ ಬಗ್ಗಿಕೊಂಡು ಮೂಸುತ್ತಾ ಹೋಗುತ್ತಿದ್ದೆ, ಹಿಂದೆ ಸೂಪರ್‌ವೈಸರ್ ಕರ್ಚೀಫನ್ನು ಬಾಯಿಗೆ ಹಿಡಿದುಕೊಂಡು ಬರುತ್ತಿದ್ದ. ಹೆಮ್ಮೆಯಿಂದ ಉಬ್ಬುತ್ತಿದ್ದೆ ಎಂದು ಹೇಳಲು ಈಗ ಮೈ ಉರಿಯುತ್ತದೆ. ಅವ್ವ ಭಜ್ಜಿಯ ಹಬೆಯಲ್ಲಿ ತಿದ್ದಿ ತೀಡಿದ್ದನ್ನು ಅವರು ಪುಕ್ಕಟೆಯಾಗಿ ಪೈಪಿಗೆ ಹಚ್ಚಿ ಸವೆಸಿದರು.

ವಾಸನೆ ಒಂದೇ ದಿನ ಹೋಗಲಿಲ್ಲ. ಮೊದಲು ಹೂವು ಹೋಯಿತು, ಆಮೇಲೆ ಕೊತ್ತಂಬರಿ, ಆಮೇಲೆ ಸೋಪು. ನೆಗಡಿ ಇರಬೇಕೆಂದುಕೊಂಡೆ. ನೆಗಡಿ ವರ್ಷಗಟ್ಟಲೆ ಇರುವುದಿಲ್ಲವೆಂದು ಗೊತ್ತಿದ್ದರೂ ಹಾಗೆಂದುಕೊಂಡೆ. ಯಾರಿಗೂ ಹೇಳಲಿಲ್ಲ.

ಕಳೆದ ಎಳ್ಳ ಅಮಾವಾಸ್ಯೆಗೆ ಊರಿಗೆ ಹೋದೆವು. ಅವ್ವ ಹೋದ ಮೇಲೆ ಹೊಲ ನೋಡಿಕೊಳ್ಳುವವಳು ಅದೇ ಊರಿಗೆ ಕೊಟ್ಟ ಸುಭದ್ರಕ್ಕ. ಭಜ್ಜಿ ಇಳಿಸಿ, ಬೀಗರು, ನೆರೆಯವರು ಎಲ್ಲರ ಮುಂದೆ ಅಕ್ಕ ನನ್ನನ್ನು ಕರೆದಳು.

"ಬಾ ತಮ್ಮಾ, ಮೂಗಿಲೆ ನೋಡು. ಅವ್ವ ಇದ್ದಾಗಿಂದ ನೀ ಹೇಳಿದ ಮ್ಯಾಲೇ ಚರಗ."

ಪಾತ್ರೆಯ ಮೇಲೆ ಬಗ್ಗಿದೆ. ಹಬೆ ಮುಖಕ್ಕೆ ಬಡಿಯಿತು, ಬಿಸಿ ಗೊತ್ತಾಯಿತು, ಅಷ್ಟೇ. ಇನ್ನೊಮ್ಮೆ ಉಸಿರು ಎಳೆದುಕೊಂಡೆ. ಎಲ್ಲರೂ ನನ್ನ ಮುಖವನ್ನೇ ನೋಡುತ್ತಿದ್ದರು, ಕೆಲವರು ಆಗಲೇ ನಗಲು ತಯಾರಾಗಿದ್ದರು.

"ಘಮ್ ಅಂತದ ಅಕ್ಕಾ" ಎಂದೆ. "ಒಂದೂ ಕಮ್ಮಿ ಇಲ್ಲ."

ನಗಲು ತಯಾರಾಗಿದ್ದವರು ನಗಲಿಲ್ಲ. ಅಕ್ಕ ಮಹಾನಂದಾಳ ಕಡೆ ನೋಡಿದಳು, ಮಹಾನಂದಾ ನೆಲ ನೋಡಿದಳು. ಆಮೇಲೆ ಅಕ್ಕ ಗಟ್ಟಿಯಾಗಿ, "ನಮ್ಮ ತಮ್ಮ ಅಂದಾನಂದ್ರ ಛಲೋನೇ ಆಗಿರ್ತದ. ನಡೀರಿ" ಎಂದಳು. ಚರಗ ಚೆಲ್ಲಿ ಬಂದು ಎಲ್ಲರೂ ಊಟಕ್ಕೆ ಕುಳಿತರು. ಒಬ್ಬಿಬ್ಬರು ಇನ್ನಷ್ಟು ಹಾಕಿಸಿಕೊಂಡರು. ನನ್ನ ತಟ್ಟೆಯ ಅಡಿಯಲ್ಲಿ ಕಪ್ಪಗೆ ಹತ್ತಿದ ಚೂರುಗಳನ್ನು ಕಂಡಾಗ ನನಗೆ ತಿಳಿಯಿತು. ಭಜ್ಜಿ ತಳ ಹಿಡಿದು ಸೀದುಹೋಗಿತ್ತು. ಹೊಲದ ತುಂಬ ಕಮಟು ವಾಸನೆ ಇದ್ದಿರಬೇಕು. ನಾನೊಂದು ಮಾತು ಅಂದು ನಗಿಸಲಿ ಎಂದು ಅಕ್ಕ ಚೇಷ್ಟೆಗೆ ಕರೆದಿದ್ದಳು. ಅಷ್ಟು ಜನ ನನ್ನ ಮರ್ಯಾದೆಗಾಗಿ ಸೀದ ಅಡುಗೆಯನ್ನು ನುಂಗಿದರು. ಬೈದಿದ್ದರೆ ತಡೆದುಕೊಳ್ಳಬಹುದಿತ್ತು.

ಆಮೇಲೆ ಕಲಬುರಗಿಯ ಡಾಕ್ಟರ ಹತ್ತಿರ ಹೋದದ್ದೂ ಆಯಿತು. ಒಳಗಿನ ನರ ಸತ್ತಿದೆ, ಇನ್ನು ಬರುವುದಿಲ್ಲ ಎಂದರು. ನಿನ್ನೆ ಫ್ಯಾಕ್ಟರಿಯಲ್ಲಿ ಸೂಪರ್‌ವೈಸರ್ ಮತ್ತೆ ಸೋರಿಕೆ ಹುಡುಕಲು ಕರೆದಾಗ ಇದ್ದದ್ದನ್ನು ಇದ್ದಂತೆ ಹೇಳಿಬಿಟ್ಟೆ.

"ನನಗ ಈಗ ಯಾವ ವಾಸನಿನೂ ಬರಂಗಿಲ್ರಿ ಸಾಹೇಬ್ರ. ಇಲ್ಲೇ ಕೆಲಸ ಮಾಡಿ ಹಿಂಗಾಗ್ಯದ."

ಅವನು ಕರ್ಚೀಫು ತೆಗೆದು ನನ್ನನ್ನು ನೋಡಿದ. ಗಾಬರಿಯಾಗಬಹುದು, ಮೇಲಿನವರಿಗೆ ಹೇಳುತ್ತೇನೆ ಅನ್ನಬಹುದು ಎಂದುಕೊಂಡಿದ್ದೆ. ಅವನು ಸ್ವಲ್ಪ ಯೋಚಿಸಿ, "ಏನೂ ಬರಂಗಿಲ್ಲಾ? ಹಂಗಾದ್ರ ಸೋಮವಾರದಿಂದ ಹಿಂದಿನ ಶೆಡ್ಡಿಗೆ ಹೋಗು. ಅಲ್ಲಿ ನಾತಕ್ಕ ಯಾರೂ ನಿಲ್ಲವಲ್ರು. ನಿನಗೇನೂ ತ್ರಾಸಿಲ್ಲ ಬಿಡು" ಎಂದ. ತಮಾಷೆಗಲ್ಲ. ನನಗೆ ಉಪಕಾರ ಮಾಡಿದವನ ಹಾಗೆ ಭುಜ ತಟ್ಟಿ ಹೋದ.

ಹಾಲು ಕೆಟ್ಟಿರಲಿಲ್ಲ. ಮಹಾನಂದಾ ಚಹಾ ತಂದಿಟ್ಟಳು. ನಿನ್ನೆಯಿಂದ ಹೊಟ್ಟೆಯಲ್ಲಿಟ್ಟುಕೊಂಡದ್ದನ್ನು ಆಗ ಅವಳಿಗೆ ಹೇಳಿದೆ. ಕೆಲಸವಂತೂ ಉಳಿಯಿತು, ಹೋಗುತ್ತೇನೆ, ನನಗೆ ಹೇಗೂ ಏನೂ ಗೊತ್ತಾಗುವುದಿಲ್ಲವಲ್ಲ ಎಂದೆ. ಅವಳು ಸೆರಗಿಗೆ ಕೈ ಒರೆಸಿಕೊಂಡು ನನ್ನೆದುರು ಕುಳಿತಳು.

"ನಿಮಗ ಗೊತ್ತಾಗಂಗಿಲ್ರಿ, ಖರೇ" ಎಂದಳು. "ನೀವು ಮನಿಗೆ ಬಂದ ಮ್ಯಾಲ ನನಗ ಬರ್ತದ."

"ಏನು?"

"ನಿಮ್ಮ ಮೈಯಾಗಿಂದ. ಹಾಸಗಿಯಾಗ, ದಿಂಬಿನಾಗ, ಎಲ್ಲಾ ಕಡಿಗೂ."

"ಯಾವಾಗಿಂದ?"

"ಮೊದಲಿಂದ್ಲೂ."

ನನ್ನ ಕಣ್ಣು ಗೂಟದ ಕಡೆ ಹೋಯಿತು. ನನ್ನ ಕೆಲಸದ ಅಂಗಿ ಅವಳ ಸೀರೆಯ ಮೇಲೆಯೇ ತೂಗುತ್ತಿತ್ತು. ಎದ್ದು ತೆಗೆದು ಮುಖಕ್ಕೆ ಒತ್ತಿ ಹಿಡಿದೆ, ಉಸಿರು ಕಟ್ಟುವವರೆಗೂ ಎಳೆದೆ. ಏನೂ ಬರಲಿಲ್ಲ. ಅಂಗಿಯನ್ನು ಹೊರಗೆ ಒಯ್ದು ತಂತಿಗೆ ಹಾಕಿದೆ. ಒಳಗೆ ಬಂದು, ಸೋಮವಾರ ಆ ಶೆಡ್ಡಿಗೆ ನಾನು ಹೋಗುವುದಿಲ್ಲ ಎಂದೆ. ಅವಳು ತಲೆಯಾಡಿಸಿದಳು. ಆಮೇಲೆ ನಾನು ಕುಳಿತಿದ್ದ ಕಡೆಯ ಕಿಟಕಿಯನ್ನು, ನನಗೆ ಗೊತ್ತಾಗಬಾರದೆಂಬಂತೆ, ಮೆಲ್ಲಗೆ ತೆರೆದಳು.